ಹಳೇಮಗ ಅನ್ನೋ ಮಾತು

(ಮಿರ್ಲೆಯಲ್ಲಿ ಸೇರಿದ್ದ ವಿದ್ಯಾರ್ಥಿ ಯುವಜನರ ಮುಂದೆ ಆಡಿದ ಮಾತು. ಬರೆಯುವಾಗ ಹೆಚ್ಚು ತಿದ್ದಿಲ್ಲ.)



ಇವತ್ತಿನ ಮಾತಿಗೆ ಗೆಳೆಯರು ಕೊಟ್ಟ ವಿಷಯ ‘ಮೋಸ’. ಮೋಸ ಅಂದ ತಕ್ಷಣ ನಮ್ಮ ಕಣ್ಣ ಮುಂದೆ ಬರೋದು ಬಡ್ಡಿ ಲೆಕ್ಕದ ಸಾಹುಕಾರ, ತೂಕದಲ್ಲಿ ಹೊಡೆಯೋ ಮಂಡಿಯವನು, ಓಟಿನ ಹಿಂದಿನ ರಾತ್ರಿ ಕೇರಿಗೆ ಬರೋ ಜೀಪು. ಅವರನ್ನು ಬೈಯೋದು ಸುಲಭ. ಬೈದು ಬೈದು ನಮಗೂ ಅಭ್ಯಾಸವಾಗಿದೆ, ಬೈಸಿಕೊಂಡು ಅವರಿಗೂ ಅಭ್ಯಾಸವಾಗಿದೆ. ಇವತ್ತು ಅವರನ್ನು ಸ್ವಲ್ಪ ಬಿಟ್ಟುಬಿಡೋಣ. ಪ್ರೀತಿ, ವಿಶ್ವಾಸ, ಸ್ನೇಹ, ಮನೆ, ಮಗ, ಮಗಳು ಅನ್ನೋ ಒಳ್ಳೆ ಮಾತುಗಳ ಒಳಗೆ ಕೂತುಕೊಂಡಿರೋ ಮೋಸವನ್ನು ನೋಡೋಣ. ಒಬ್ಬ ಇನ್ನೊಬ್ಬನಿಗೆ ಮಾಡೋದು ಅರ್ಧ. ತನಗೆ ತಾನೇ ಮಾಡಿಕೊಳ್ಳೋದು ಉಳಿದರ್ಧ.

ಒಂದು ಮಾತಿನಿಂದ ಶುರು ಮಾಡೋಣ. ನಿಮ್ಮಲ್ಲಿ ಎಷ್ಟು ಜನಕ್ಕೆ ‘ಹಳೇಮಗ’ ಅನ್ನೋ ಮಾತು ಗೊತ್ತು? ಕೈ ಎತ್ತಬೇಡಿ. ಗೊತ್ತಿಲ್ಲದವರು ಇವತ್ತು ರಾತ್ರಿ ಮನೆಗೆ ಹೋಗಿ ಅಜ್ಜಿಯನ್ನು ಕೇಳಿ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಒಂದೊಂದು ಹೊಲೆಯರ ಮನೆ ಒಂದೊಂದು ಒಕ್ಕಲು ಮನೆಗೆ ತಲೆತಲಾಂತರದಿಂದ ‘ಹಳೇಮಗ’. ಅಪ್ಪ ಸತ್ತರೆ ಮಗ ಹಳೇಮಗ, ಅವನು ಸತ್ತರೆ ಅವನ ಮಗ. ಗೌಡರ ಮನೆಯಲ್ಲಿ ಮದುವೆಯಾದರೆ ಚಪ್ಪರಕ್ಕೆ ಸೊಪ್ಪು ತರಬೇಕು, ಪಂಜು ಹಿಡಿಯಬೇಕು, ಸೌದೆ ಒಡೀಬೇಕು. ದನ ಸತ್ತರೆ ಎಳೆದುಹಾಕಬೇಕು, ಮನುಷ್ಯ ಸತ್ತರೆ ನೆಂಟರ ಊರಿಗೆ ಓಡಿಹೋಗಿ ಸುದ್ದಿ ಹೇಳಬೇಕು. ಸುಗ್ಗಿಯಲ್ಲಿ ಕಣದ ಹತ್ತಿರ ನಿಂತರೆ ಒಂದಿಷ್ಟು ಕಾಳು, ಒಂದು ಹೊರೆ ಹುಲ್ಲು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೂತು ಇದನ್ನೆಲ್ಲ ಬರೆದುಕೊಂಡರು. ‘ರಾಂಪುರ’ ಎಂದು ಹೆಸರು ಮರೆಸಿ ಆ ಹಳ್ಳಿಯ ಮೇಲೆ 1976ರಲ್ಲಿ ಪುಸ್ತಕ ತಂದರು. ತಾವು ಕಂಡದ್ದು ಮೇಲುಜಾತಿಯ ಕಣ್ಣಿನಿಂದ ಕಂಡ ಹಳ್ಳಿ ಎಂದು ಅವರೇ ಒಪ್ಪಿಕೊಂಡರು. ಅಷ್ಟು ಪ್ರಾಮಾಣಿಕತೆ ಎಲ್ಲ ಪಂಡಿತರಿಗೂ ಇರೋದಿಲ್ಲ, ಅದಕ್ಕೆ ಹೇಳಿದೆವು.

ಈಗ ಆ ಮಾತನ್ನು ಒಡೆದು ನೋಡಿ. ಹಳೇ, ಮಗ. ಮಗ! ಆಳು ಅನ್ನಬಹುದಿತ್ತು, ಅನ್ನಲಿಲ್ಲ. ಗುಲಾಮ ಅನ್ನಬಹುದಿತ್ತು, ಅನ್ನಲಿಲ್ಲ. ಮಗ ಅಂದರು. ಈ ಮಗ ಹೊಸಿಲು ದಾಟುವಂತಿಲ್ಲ. ಈ ಮಗನಿಗೆ ನೀರು ಮೇಲಿಂದ ಹುಯ್ಯಬೇಕು. ಈ ಮಗ ಕಾಫಿ ಕುಡಿಯೋ ಲೋಟ ಹೊರಗಡೆ ಸೂರಿಗೆ ಸಿಗಿಸಿರುತ್ತೆ, ಕುಡಿದು ತಾನೇ ತೊಳೆದು ತಾನೇ ಸಿಗಿಸಬೇಕು. ಆಸ್ತಿ ಭಾಗ ಆಗೋ ದಿನ ಈ ಮಗನ ಹೆಸರು ಯಾವ ಪತ್ರದಲ್ಲೂ ಇರೋದಿಲ್ಲ. ಮಗ ಅನ್ನೋ ಮಾತು ಕೆಲಸ ಮಾಡೋದು ಒಂದೇ ಕಡೆ. ಕೂಲಿ ಕೇಳಿದಾಗ. ‘ಏನ್ಲಾ, ಮನೆಮಗ ಇದ್ದಂಗಿದ್ದೀಯ, ನೀನೂ ಕೂಲಿ ಲೆಕ್ಕ ಹಾಕ್ತೀಯಾ?’ ಅಂದುಬಿಟ್ಟರೆ ಮುಗೀತು. ನಮ್ಮ ತಾತ ನಾಚಿಕೆಯಿಂದ ತಲೆ ತಗ್ಗಿಸಿಕೊಂಡು ವಾಪಸ್ ಬರ್ತಿದ್ದ. ಕೊಡದವನಿಗಲ್ಲ ನಾಚಿಕೆ, ಕೇಳಿದವನಿಗೆ!

ಜೀತವೂ ಹೀಗೇ. ಅಕ್ಕನ ಮದುವೆಗೆ ಸಾಲ, ಸಾಲಕ್ಕೆ ತಮ್ಮ ಜೀತಕ್ಕೆ. ಯುಗಾದಿಯಿಂದ ಯುಗಾದಿಗೆ ಲೆಕ್ಕ. ಎರಡು ಹೊತ್ತು ಮುದ್ದೆ, ಒಂದು ಕಂಬಳಿ, ಒಂದು ಜೊತೆ ಬಟ್ಟೆ. ಜ್ವರ ಬಂದು ಮಲಗಿದ ದಿನವನ್ನು ಸಾಲಕ್ಕೆ ಸೇರಿಸೋದು. ಹುಡುಗ ಗಂಡಸಾಗಿ, ಗಂಡಸು ಮುದುಕನಾದರೂ ಸಾಲ ಮಾತ್ರ ಹಾಗೇ ಹರೆಯದಲ್ಲಿರುತ್ತೆ. 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಬಂತು, 1976ರಲ್ಲಿ ಜೀತ ರದ್ದತಿ ಕಾಯ್ದೆಯಾಯಿತು. ಆಗ ನಮ್ಮ ರಾಜ್ಯದ ಮುಖ್ಯಮಂತ್ರಿ ಇಲ್ಲೇ ಪಕ್ಕದ ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸು. ಕಾಗದದ ಮೇಲೆ ಸಾಲವೆಲ್ಲ ರದ್ದು. ಆದರೆ ಎಚ್.ಡಿ. ಕೋಟೆ ಕಡೆ ಅದಾದ ಎಷ್ಟೋ ವರ್ಷ ಜೀತ ಉಳಿಯಿತು. ಯಾಕೆ ಉಳಿಯಿತು? ಪೊಲೀಸರು ಸರಿಯಿಲ್ಲ, ತಹಸೀಲ್ದಾರರು ಸರಿಯಿಲ್ಲ ಅನ್ನೋದು ನಿಜ. ಇನ್ನೊಂದು ಕಾರಣವೂ ಇದೆ. ಕೇಳೋಕೆ ಬಂದ ಅಧಿಕಾರಿಯ ಮುಂದೆ ಜೀತದವನೇ ಹೇಳ್ತಿದ್ದ: ‘ಇಲ್ಲ ಬುದ್ದಿ, ನಾನು ಜೀತಗಾರ ಅಲ್ಲ. ನಮ್ಮ ಗೌಡ್ರು ನನ್ನ ಮಗನಂಗೆ ನೋಡ್ಕೊಂಡವ್ರೆ.’

ಇದು ಹೆದರಿಕೆಯ ಮಾತು ಅಂತ ನೀವು ಹೇಳಬಹುದು. ಅರ್ಧ ಹೆದರಿಕೆ. ಇನ್ನರ್ಧವನ್ನು ನಾವು ಧೈರ್ಯವಾಗಿ ನೋಡಬೇಕು. ಮೂವತ್ತು ವರ್ಷ ಒಬ್ಬನ ದನ ಮೇಯಿಸಿ, ಗೊಬ್ಬರ ಹೊತ್ತು, ಅವನ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಜಾತ್ರೆ ತೋರಿಸಿದ ಮನುಷ್ಯ, ‘ಇವರು ನನ್ನನ್ನು ಎತ್ತಿನ ಹಾಗೆ ದುಡಿಸಿಕೊಂಡರು’ ಅಂತ ಒಂದು ದಿನ ಒಪ್ಪಿಕೊಂಡರೆ ಅವನಿಗೆ ಉಳಿಯೋದೇನು? ಮೂವತ್ತು ವರ್ಷ ನೀರಿಗೆ ಹೋಯಿತು ಅಂತಾಗುತ್ತೆ. ಅದಕ್ಕೆ ಪ್ರೀತಿ ಇತ್ತು ಅಂತ ಅವನು ನಂಬುತ್ತಾನೆ. ನಂಬದೆ ಇದ್ದರೆ ಬದುಕಲಾರ. ಆತ್ಮವಂಚನೆ ಅನ್ನೋದು ಓದಿದವರ ಕಾಯಿಲೆ ಅಂತ ಕೆಲವರು ತಿಳಿದಿದ್ದಾರೆ. ಅಲ್ಲ ಗೆಳೆಯರೆ. ಹಸಿದವನಿಗೂ ಅದು ಮದ್ದು. ಕಂಬಳಿ ಸಾಲದ ಚಳಿಗೆ ಅವನು ಅದನ್ನು ಹೊದ್ದುಕೊಂಡ.

ಗೌಡರ ಕಡೆಯದನ್ನೂ ಹೇಳಬೇಕು. ಅವರೆಲ್ಲ ಬೇಕಂತಲೇ ಸುಳ್ಳು ಹೇಳುತ್ತಿದ್ದರು ಅನ್ನೋದಾದರೆ ಕೆಲಸ ಸುಲಭವಾಗ್ತಿತ್ತು. ಅವರೂ ನಂಬಿದ್ದರು. ಹಳೇಮಗ ಸತ್ತಾಗ ಕೆಲವರ ಕಣ್ಣಲ್ಲಿ ನೀರು ಬಂದದ್ದೂ ನಿಜ. ಆದರೆ ಕಣ್ಣೀರು ಹಾಕಿದವರು ಹೆಣಕ್ಕೆ ಹೆಗಲು ಕೊಡಲಿಲ್ಲ, ಕೇರಿಯ ಬಾಯಿಗೆ ಬಂದು ದೂರ ನಿಂತು ಹೋದರು. ಪ್ರೀತಿ ಸುಳ್ಳು ಅಂತ ನಾವು ಹೇಳೋಕೆ ಹೋಗಲ್ಲ. ಒಂದೇ ಪರೀಕ್ಷೆ ಸಾಕು. ಆ ಸಂಬಂಧವನ್ನು ಬಿಟ್ಟು ಹೋಗೋ ಹಕ್ಕು ಇಬ್ಬರಿಗೂ ಇದೆಯೇ? ಮಗನಾದವನು ಜಗಳ ಆಡಿ ಬೇರೆ ಹೋಗಬಹುದು. ಹಳೇಮಗ ಹೋದರೆ ಹಿಡಿದು ತಂದು ಕಂಬಕ್ಕೆ ಕಟ್ಟುತ್ತಿದ್ದರು. ಅಲ್ಲಿಗೆ ಮಗನ ಬಣ್ಣ ತೊಳೆದು ಹೋಗುತ್ತೆ.

ಈ ನಂಬಿಕೆ ನಮ್ಮ ನೆಲವನ್ನೂ ತಿಂದಿತು. ಸರ್ಕಾರ ದರಖಾಸ್ತಿನಲ್ಲಿ ಒಂದೆರಡು ಎಕರೆ ಮಂಜೂರು ಮಾಡಿತ್ತಲ್ಲ, ಅದು ಎಲ್ಲಿ ಹೋಯಿತು? ಎಷ್ಟೋ ಕಡೆ ಕಾಯಿಲೆಗೆ, ಮದುವೆಗೆ ಅಂತ ತಂದ ಪುಡಿಗಾಸಿಗೆ ಹೋಯಿತು. ‘ನಮ್ಮ ಗೌಡ್ರು ತಾನೆ, ಒತ್ತಲಾ ಹೆಬ್ಬೆಟ್ಟು’ ಅಂತ ಒತ್ತಿದ್ದು. ಓದಿ ಹೇಳಿದವನೂ ಅವರ ಕಡೆಯವನೇ, ಸಾಕ್ಷಿ ಹಾಕಿದವನೂ ಅವರ ಕಡೆಯವನೇ. ಇದಕ್ಕಾಗಿಯೇ 1978ರಲ್ಲಿ ಪಿ.ಟಿ.ಸಿ.ಎಲ್. ಕಾಯ್ದೆ ಬಂತು. ಮಂಜೂರಾದ ಜಮೀನನ್ನು ಷರತ್ತು ಮುರಿದು ಮಾರಿದ್ದರೆ ಆ ಮಾರಾಟವೇ ಅಸಿಂಧು, ಜಮೀನು ವಾಪಸ್ ಬರಬೇಕು ಅಂತ. ಕಾಲಮಿತಿ ಮೀರಿ ಬಂದಿರಿ ಅಂತ ಕೋರ್ಟುಗಳು ಅರ್ಜಿ ವಜಾ ಮಾಡತೊಡಗಿದ ಮೇಲೆ 2023ರಲ್ಲಿ ಕರ್ನಾಟಕ ಸರ್ಕಾರ ತಿದ್ದುಪಡಿ ತಂದು, ಇಂಥ ಅರ್ಜಿಗೆ ಕಾಲಮಿತಿ ಇಲ್ಲ ಅಂತ ಬರೆಯಿತು. ನಿಮ್ಮ ಮನೆಯಲ್ಲಿ ಇಂಥ ಜಮೀನಿನ ಮಾತಿದ್ದರೆ ಹಳೇ ಪೆಟ್ಟಿಗೆ ತೆಗೆದು ನೋಡಿ, ಸಾಗುವಳಿ ಚೀಟಿ ಇದ್ದರೆ ಜೋಪಾನ ಮಾಡಿ. ಅಪ್ಪ ಬೇಡ ಅಂತಾನೆ. ‘ಅವರ ಮನೆ ಉಪ್ಪು ತಿಂದಿದ್ದೀವಿ ಕಣ್ಲಾ’ ಅಂತಾನೆ. ಆ ಉಪ್ಪಿನ ಲೆಕ್ಕವನ್ನೂ ಒಂದು ದಿನ ಕೂತು ಹಾಕಬೇಕಾಗಿದೆ.

ಇನ್ನು ಪಟ್ಟಣಕ್ಕೆ ಬರೋಣ. ನಿಮ್ಮಲ್ಲಿ ಬಹಳ ಜನ ಪದವಿ ಮುಗಿಸಿ ಮೈಸೂರು, ಬೆಂಗಳೂರು ಸೇರುವವರು. ಹಾಸ್ಟೆಲ್ಲಿನ ಗೇಟು ದಾಟಿ ರೂಮು ಹುಡುಕೋಕೆ ಹೊರಟ ದಿನವೇ ನಿಮ್ಮ ಎರಡನೇ ಪದವಿ ಶುರುವಾಗುತ್ತೆ. ‘ನೀವು ಯಾವ ಜನ?’ ನೇರವಾಗಿ ಕೇಳೋಕೆ ನಾಚುವವರು ‘ವೆಜ್ಜಾ, ನಾನ್ ವೆಜ್ಜಾ?’ ಅಂತಾರೆ. ಇನ್ನೂ ನಯವಂತರು ‘ನಿಮ್ಮ ಮನೆದೇವ್ರು ಯಾವುದು?’ ಅಂತಾರೆ. ನಮ್ಮ ಹುಡುಗರ ನಾಲಿಗೆ ಮೇಲೆ ಉತ್ತರ ಸಿದ್ಧವಾಗಿರುತ್ತೆ. ಕೆಲವರು ಗೌಡರಾಗ್ತಾರೆ, ಕೆಲವರು ಲಿಂಗಾಯತರಾಗ್ತಾರೆ. ಬಾಬಾಸಾಹೇಬರ ಪಟ ಪೆಟ್ಟಿಗೆಯ ತಳ ಸೇರುತ್ತೆ. 2025ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗದ ಸಮೀಕ್ಷೆಯವರು ಬಂದಾಗ ಬಾಡಿಗೆ ಮನೆಯಲ್ಲಿದ್ದ ನಮ್ಮವರು ಮಾಲೀಕರ ಕಿವಿಗೆ ಬೀಳುತ್ತೆ ಅಂತ ಜಾತಿ ಹೇಳೋಕೆ ಹಿಂಜರಿದರು ಅನ್ನೋ ಸುದ್ದಿ ಬಂತು. ತಮ್ಮ ಹಕ್ಕಿನ ಲೆಕ್ಕಕ್ಕೆ ಬಂದವರ ಮುಂದೆಯೂ ಪಿಸುಮಾತು.

ಇದು ಮೋಸವೇ? ಇಲ್ಲಿ ಬಾಬಾಸಾಹೇಬರ ಬದುಕಿನ ಒಂದು ಘಟನೆ ಹೇಳ್ತೀವಿ. ‘ವೈಟಿಂಗ್ ಫಾರ್ ಎ ವೀಸಾ’ ಅನ್ನೋ ಸಣ್ಣ ಬರಹದಲ್ಲಿ ಅವರೇ ಇದನ್ನು ಬರೆದಿಟ್ಟಿದ್ದಾರೆ. 1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಅಮೆರಿಕಕ್ಕೆ ಹೋದವರು 1917ರಲ್ಲಿ ವಾಪಸ್ ಬಂದು ಬರೋಡ ಸಂಸ್ಥಾನದ ಕೆಲಸಕ್ಕೆ ಸೇರಬೇಕಿತ್ತು. ಅಮೆರಿಕ, ಇಂಗ್ಲೆಂಡುಗಳಲ್ಲಿ ಇದ್ದು ತಾನು ಅಸ್ಪೃಶ್ಯ ಅನ್ನೋದೇ ಅವರಿಗೆ ಮರೆತುಹೋಗಿತ್ತು. ಬರೋಡ ಸ್ಟೇಷನ್ನಿನಲ್ಲಿ ಇಳಿದಾಗ ಒಂದೇ ಪ್ರಶ್ನೆ: ಎಲ್ಲಿಗೆ ಹೋಗೋದು? ಹಿಂದೂ ಹೋಟೆಲುಗಳು ಸೇರಿಸೋದಿಲ್ಲ. ಪಾರ್ಸಿಗಳ ಒಂದು ವಸತಿಗೃಹಕ್ಕೆ ಹೋದರು. ಅಲ್ಲಿನ ಮೇಲ್ವಿಚಾರಕ ಮೈಮೇಲೆ ಪಾರ್ಸಿಗಳ ಒಳಂಗಿ, ಜನಿವಾರ ಇಲ್ಲದ್ದನ್ನು ನೋಡಿ ನೀನು ಯಾರು ಅಂದ. ಹಿಂದೂ ಅಂದರು. ಹಾಗಾದರೆ ಜಾಗವಿಲ್ಲ ಅಂದ. ಪುಸ್ತಕದಲ್ಲಿ ಪಾರ್ಸಿ ಹೆಸರು ಬರೆದರೆ ಆಗುತ್ತಾ ಅಂತ ಇವರು ಕೇಳಿದರು. ಗಿರಾಕಿ ಇಲ್ಲದೆ ಒಣಗಿದ್ದ ಅವನಿಗೂ ದುಡ್ಡು ಬೇಕಿತ್ತು. ದಿನಕ್ಕೆ ಒಂದೂವರೆ ರೂಪಾಯಿ ಅಂತ ಒಪ್ಪಂದವಾಯಿತು.

ನೋಡಿ, ಈ ಸುಳ್ಳಿನಲ್ಲಿ ಇಬ್ಬರ ಪಾಲಿದೆ. ಒಬ್ಬನಿಗೆ ತಲೆ ಮೇಲೆ ಸೂರು ಬೇಕು, ಇನ್ನೊಬ್ಬನಿಗೆ ಒಂದೂವರೆ ರೂಪಾಯಿ ಬೇಕು. ಹನ್ನೊಂದನೇ ದಿನ ಬೆಳಿಗ್ಗೆ ಹತ್ತು ಹನ್ನೆರಡು ಜನ ಪಾರ್ಸಿಗಳು ದೊಣ್ಣೆ ಹಿಡಿದು ಬಂದರು. ಆಗ ದೊಣ್ಣೆ ತೋರಿಸಿದ್ದು ಒಬ್ಬನಿಗೆ ಮಾತ್ರ. ಯಾವಾಗಲೂ ಹೀಗೇ. ಸುಳ್ಳಿನ ಲಾಭ ಹಂಚಿಕೊಂಡವರು ಶಿಕ್ಷೆ ಹಂಚಿಕೊಳ್ಳಲ್ಲ. ಸಂಜೆಯೊಳಗೆ ಖಾಲಿ ಮಾಡು ಅಂದರು. ಬಾಬಾಸಾಹೇಬರು ಇಬ್ಬರು ಸ್ನೇಹಿತರನ್ನು ನೆನೆಸಿಕೊಂಡರು. ಹಿಂದೂ ಸ್ನೇಹಿತ ಬಹಳ ನೊಂದುಕೊಂಡ, ಆಮೇಲೆ ‘ನೀನು ನಮ್ಮ ಮನೆಗೆ ಬಂದರೆ ನನ್ನ ಆಳುಗಳು ಬಿಟ್ಟುಹೋಗ್ತಾರೆ’ ಅಂದ. ಕ್ರೈಸ್ತ ಸ್ನೇಹಿತ ‘ನನ್ನ ಹೆಂಡತಿ ನಾಳೆ ಬರ್ತಾಳೆ, ಕೇಳಿ ಹೇಳ್ತೀನಿ’ ಅಂದ. ಅವರಿಬ್ಬರೂ ಮೂಲದಲ್ಲಿ ಬ್ರಾಹ್ಮಣ ಮನೆತನದವರು, ಹೆಂಡತಿಗೆ ಮಡಿ ಬಿಟ್ಟಿರಲಿಲ್ಲ ಅಂತ ಆಮೇಲೆ ಗೊತ್ತಾಯಿತು. ಕೊಲಂಬಿಯದಲ್ಲಿ ಓದಿ ಬಂದ ವಿದ್ವಾಂಸ ಒಂದು ಪಾರ್ಕಿನಲ್ಲಿ ಕೂತು ಹೊತ್ತು ಕಳೆದು ರಾತ್ರಿ ರೈಲಿಗೆ ಬೊಂಬಾಯಿಗೆ ಹೋದರು.

ಈ ಕಥೆಯಲ್ಲಿ ಮೋಸಗಾರ ಯಾರು? ಸುಳ್ಳು ಹೆಸರು ಬರೆದವರೇ? ದೊಣ್ಣೆಯ ಕೆಳಗೆ ನಿಂತವನು ಹೇಳೋ ಸುಳ್ಳಿನ ಪಾಪ ದೊಣ್ಣೆ ಹಿಡಿದವನಿಗೆ ಸೇರಿದ್ದು ಅನ್ನೋದು ನಮ್ಮ ತೀರ್ಮಾನ. ದೊಣ್ಣೆ ಹಿಡಿದವರಾದರೂ ಮುಚ್ಚುಮರೆ ಮಾಡಲಿಲ್ಲ. ನಮ್ಮನ್ನು ಯೋಚನೆಗೆ ಹಚ್ಚಬೇಕಾದವರು ಆ ಇಬ್ಬರು ಸ್ನೇಹಿತರು. ಅವರು ‘ನಾನು ಜಾತಿ ನೋಡ್ತೀನಿ’ ಅಂತ ಹೇಳಲಿಲ್ಲ. ಒಬ್ಬ ಆಳುಗಳ ಹೆಸರು ಹೇಳಿದ, ಒಬ್ಬ ಹೆಂಡತಿಯ ಹೆಸರು ಹೇಳಿದ. ಅವತ್ತು ರಾತ್ರಿ ಅವರಿಬ್ಬರೂ ಒಳ್ಳೆಯವರಾಗಿಯೇ ನಿದ್ದೆ ಮಾಡಿರಬೇಕು. ಇವತ್ತಿಗೂ ಇದೇ ಮಾತು. ‘ನನಗೇನೂ ಇಲ್ಲಪ್ಪ, ನಮ್ಮ ತಾಯಿ ಸ್ವಲ್ಪ ಹಳೇ ಕಾಲದವರು.’ ‘ನನಗೇನೂ ಇಲ್ಲ, ಅಕ್ಕಪಕ್ಕದವರು ಸರಿಯಿಲ್ಲ.’ ಎಲ್ಲರ ಮನೆಯಲ್ಲೂ ಜಾತಿ ಪಕ್ಕದ ಕೋಣೆಯಲ್ಲೇ ಇರುತ್ತೆ, ಮಾತಾಡುವವನ ಕೋಣೆಯಲ್ಲಿ ಇರೋದೇ ಇಲ್ಲ!

ಸುಧಾರಕರದೂ ಇದೇ ಹಾಡು. 1936ರಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲದವರು, ಹೆಸರೇ ಜಾತಿ ಮುರಿಯುವ ಮಂಡಲ, ಬಾಬಾಸಾಹೇಬರನ್ನು ಸಮ್ಮೇಳನದ ಅಧ್ಯಕ್ಷತೆಗೆ ಕರೆದರು. ಭಾಷಣ ಮೊದಲೇ ಓದಿ ಗಾಬರಿಯಾಗಿ ಇಷ್ಟು ತೆಗೀರಿ, ಅಷ್ಟು ತೆಗೀರಿ ಅಂದರು. ಅವರು ಒಂದು ಚುಕ್ಕೆಯನ್ನೂ ತೆಗೆಯಲ್ಲ ಅಂದರು. ಸಮ್ಮೇಳನವೇ ರದ್ದಾಯಿತು. ಬಾಬಾಸಾಹೇಬರು ತಮ್ಮ ಸ್ವಂತ ಖರ್ಚಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಅದೇ ‘ಜಾತಿ ವಿನಾಶ’. ಆ ಮಂಡಲದವರು ಕೆಟ್ಟವರಲ್ಲ. ಜಾತಿ ಮುರೀಬೇಕು ಅಂತ ನಿಜವಾಗಲೂ ನಂಬಿದ್ದರು. ಮುರಿಯೋ ಸದ್ದು ಮಾತ್ರ ಕೇಳಬಾರದಾಗಿತ್ತು.

ಮನುಷ್ಯ ತನಗೆ ಅನುಕೂಲವಾದದ್ದನ್ನು ಎಷ್ಟು ಬೇಗ ನಂಬುತ್ತಾನೆ ಅನ್ನೋದಕ್ಕೆ ನಮ್ಮ ಪಿರಿಯಾಪಟ್ಟಣದ ಕಡೆಯದೇ ಇನ್ನೊಂದು. ಕುಶಾಲನಗರದ ಕಡೆಯ ಒಬ್ಬ ಆದಿವಾಸಿ ತನ್ನ ಹೆಂಡತಿ ಕಾಣೆಯಾಗಿದ್ದಾಳೆ ಅಂತ ತಾನೇ ಹೋಗಿ ದೂರು ಕೊಟ್ಟ. ಆಮೇಲೆ ಬೆಟ್ಟದಪುರ ಠಾಣೆ ಸರಹದ್ದಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಅದು ಅವಳದೇ, ಕೊಂದವನು ಇವನೇ ಅಂತ ಪೊಲೀಸರು ಕೇಸು ಕಟ್ಟಿದರು. ಮೂಳೆಯ ಡಿ.ಎನ್.ಎ. ತಾಳೆಯಾಗಲಿಲ್ಲ. ಆದರೂ ಕೇಸು ನಡೆಯಿತು. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಆತ ಜೈಲಿನಲ್ಲಿದ್ದ. 2025ರ ಏಪ್ರಿಲಿನಲ್ಲಿ ಆ ಹೆಂಡತಿ ಮಡಿಕೇರಿಯ ಹೋಟೆಲೊಂದರಲ್ಲಿ ಇನ್ನೊಬ್ಬನ ಜೊತೆ ಜೀವಂತ ಕಣ್ಣಿಗೆ ಬಿದ್ದಳು. ಮೈಸೂರಿನ ಕೋರ್ಟು ಆತನನ್ನು ಬಿಟ್ಟು, ಒಂದು ಲಕ್ಷ ಪರಿಹಾರ ಕೊಡಿ ಅಂತ ಹೇಳಿತು. ಜನ ಎಲ್ಲ ಹೆಂಡತಿಯ ಮೋಸದ ಮಾತೇ ಆಡಿದರು. ಆಕೆ ಬಿಟ್ಟುಹೋದದ್ದು ಗಂಡಹೆಂಡಿರ ಸಂಗತಿ, ಅದರ ಒಳಗು ಹೊರಗು ನಾವು ಬಲ್ಲವರಲ್ಲ. ಯಾರದೋ ಮೂಳೆಗೆ ಇವಳ ಹೆಸರು ಕಟ್ಟಿದ್ದು ಯಾರ ಸಂಗತಿ? ಹಾಡಿಯವನು ಹೆಂಡತಿಯನ್ನು ಕೊಂದಿರ್ತಾನೆ ಅಂತ ನಂಬೋಕೆ ಯಾರಿಗೂ ಕಷ್ಟವಾಗಲಿಲ್ಲ. ಅಷ್ಟು ಸಲೀಸಾಗಿ ನಂಬೋದು ಕೂಡ ಒಂದು ಸುಳ್ಳು ಹೇಳಿಕೊಳ್ಳೋ ವಿಧಾನ. ಮತ್ತೆ ಆ ಮೂಳೆ ಯಾರದು? ಅದನ್ನು ಕೇಳಿದವರು ಕಡಿಮೆ.

ಈಗ ನೀವು ಕಾದು ಕೂತಿರೋ ವಿಷಯಕ್ಕೆ ಬರೋಣ. ಹಿಂದಿನ ಬೆಂಚಿನವರು ಆಗಲೇ ನಗ್ತಿದ್ದಾರೆ. ಪ್ರೀತಿ, ಪ್ರೇಮ.

ನಗುವ ಮೊದಲು ಒಂದು ಹೆಣ್ಣುಮಗುವನ್ನು ನೆನೆಯೋಣ. 2022ರ ಜೂನ್ ತಿಂಗಳು, ಇದೇ ಪಿರಿಯಾಪಟ್ಟಣ ತಾಲ್ಲೂಕು. ಹದಿನೇಳು ವರ್ಷದ ಹುಡುಗಿ, ಪಿ.ಯು.ಸಿ. ಓದುತ್ತಿದ್ದವಳು. ಮೇಲುಜಾತಿಯ ಮನೆ. ಪ್ರೀತಿಸಿದ್ದು ನಮ್ಮ ಕೇರಿಯ ಹುಡುಗನನ್ನು. ಸ್ವಲ್ಪ ದಿನ ಸರ್ಕಾರದ ಬಾಲಮಂದಿರದಲ್ಲಿದ್ದಳು. ಮನೆಗೆ ವಾಪಸ್ ಬಂದಳು. ಕೆಲವೇ ದಿನದಲ್ಲಿ ಹೆತ್ತ ಅಪ್ಪನೇ ಕತ್ತು ಹಿಸುಕಿ ಕೊಂದ ಅಂತ ಪೊಲೀಸರು ಅವನನ್ನು ಹಿಡಿದರು. ತನಗೇನಾದರೂ ಆದರೆ ಮನೆಯವರೇ ಕಾರಣ ಅಂತ ಮೊದಲೇ ಪತ್ರ ಬರೆದಿದ್ದಳು ಎಂದು ಪತ್ರಿಕೆಗಳಲ್ಲಿ ಬಂತು. ಹಾಗಾದರೆ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮನೆಗೆ ಬಂದಳು. ಇದನ್ನು ಮೋಸಹೋದಳು ಅಂತ ಹೇಗೆ ಹೇಳೋದು? ಅಪ್ಪ ಬೈತಾನೆ, ಹೊಡೀತಾನೆ, ಕೊಲ್ಲಲಾರ ಅಂತ ಮಗಳು ಅಂದುಕೊಳ್ಳೋದು ಬುದ್ಧಿಗೇಡಿತನ ಅಲ್ಲ. ಅಷ್ಟನ್ನೂ ನಂಬಬಾರದು ಅಂದರೆ ಮನೆ ಅನ್ನೋ ಮಾತಿಗೆ ಅರ್ಥವೇ ಇಲ್ಲ. ‘ಮರ್ಯಾದೆ’ ಅಂತಾರೆ ಇದಕ್ಕೆ. ಎಳೇ ಕತ್ತು ಹಿಸುಕಿದ ಮೇಲೆ ಉಳಿದ ಮರ್ಯಾದೆಯನ್ನು ಯಾವ ಅಟ್ಟದ ಮೇಲೆ ಇಟ್ಟುಕೊಳ್ತಾರೋ, ಅವರೇ ಬಲ್ಲರು.

ಇದನ್ನು ನೆನಪಿನಲ್ಲಿ ಇಟ್ಟುಕೊಂಡೇ ನಮ್ಮ ಹುಡುಗರಿಗೆ ಒಂದು ಮಾತು. ರೂಮು ಬಾಡಿಗೆಗೆ ಕೊಡುವವನಿಗೆ ಹೇಳಿದ ಸುಳ್ಳನ್ನೇ ಪ್ರೀತಿಸಿದವಳಿಗೂ ಹೇಳಬೇಡಿ. ಎರಡೂ ಒಂದೇ ಅಲ್ಲ. ಮಾಲೀಕ ಕೇಳೋದು ನಿಮ್ಮನ್ನು ಹೊರಗಿಡೋಕೆ. ಅವಳು ಬರ್ತಿರೋದು ನಿಮ್ಮ ಜೊತೆ ಬದುಕೋಕೆ. ನಿಮ್ಮ ಜೊತೆ ಬಂದ ಮೇಲೆ ಊರು ಅವಳ ಮೇಲೆ ಬೀಳುತ್ತೆ, ಬಂಧು ಬಳಗ ಕೈಬಿಡುತ್ತೆ, ಜೀವಕ್ಕೇ ಬರಬಹುದು. ಎಷ್ಟು ದೊಡ್ಡ ಬೆಂಕಿಗೆ ಕಾಲಿಡ್ತಿದ್ದೀನಿ ಅಂತ ತಿಳಿಯೋ ಹಕ್ಕು ಅವಳಿಗಿಲ್ಲವೇ? ‘ಮೊದಲು ಪ್ರೀತಿ ಗಟ್ಟಿಯಾಗಲಿ, ಆಮೇಲೆ ಹೇಳೋಣ’ ಅಂತ ಕೆಲವರು ಲೆಕ್ಕ ಹಾಕ್ತಾರೆ. ನಿಜ ಹೇಳಿದ ಮೇಲೂ ಉಳಿಯೋ ಪ್ರೀತಿ ಇದ್ದರೆ ಅದು ಮೊದಲನೇ ದಿನವೇ ಹೇಳಿದರೂ ಉಳೀತದೆ. ಉಳಿಯದೇ ಇದ್ದರೆ ಹೋಗಲಿ ಬಿಡಿ, ಎದೆಗೆ ನೋವಾಗುತ್ತೆ, ಎರಡು ಕವಿತೆ ಬರೀತೀರಿ. (ನಮ್ಮ ಹಾಸ್ಟೆಲ್ಲುಗಳಲ್ಲಿ ಕವಿಗಳು ಹುಟ್ಟೋದೇ ಹಾಗೆ.) 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 69ನೇ ಕಲಂ ಓದಿಕೊಳ್ಳಿ. ಈಡೇರಿಸುವ ಮನಸ್ಸಿಲ್ಲದೆ ಮದುವೆಯ ಮಾತು ಕೊಟ್ಟು, ಅಥವಾ ವಂಚನೆಯಿಂದ, ಹೆಣ್ಣಿನ ಜೊತೆ ದೈಹಿಕ ಸಂಬಂಧ ಮಾಡಿದರೆ ಹತ್ತು ವರ್ಷದವರೆಗೆ ಶಿಕ್ಷೆ. ಗುರುತು ಮರೆಸಿ ಮದುವೆಯಾಗೋದೂ ಅಲ್ಲಿನ ‘ವಂಚನೆ’ಯ ವಿವರಣೆಯಲ್ಲಿ ಸೇರಿದೆ. ಇಂಥ ಕಲಮು ಮೊದಲು ಯಾರ ಮಗನ ಕೊರಳಿಗೆ ಬೀಳುತ್ತೆ ಅಂತ ನಾವು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಅದೇ ಕಲಮು ನಮ್ಮ ಹೆಣ್ಣುಮಕ್ಕಳ ಕೈಯಲ್ಲೂ ಇದೆ, ಅದನ್ನು ಮರೀಬಾರದು. ಹೊಗೆಸೊಪ್ಪಿನ ಬ್ಯಾರನ್ನಿನ ಕೆಲಸಕ್ಕೆ, ಗದ್ದೆ ನಾಟಿಗೆ, ಗಾರ್ಮೆಂಟ್ಸಿಗೆ ಹೋಗೋ ನಮ್ಮ ತಂಗಿಯರಿಗೆ ‘ಮದುವೆ ಆಗ್ತೀನಿ’ ಅಂದವರು ಕಡಿಮೆಯೇ? ಕತ್ತಲಲ್ಲಿ ಇಲ್ಲದ ಜಾತಿ ಬೆಳಕು ಹರಿದ ಮೇಲೆ ಎಲ್ಲಿಂದ ಬರುತ್ತೆ? ಬಸಿರಾದ ಮೇಲೆ ‘ನಮ್ಮಪ್ಪ ಒಪ್ಪಲ್ಲ’. ಇವನ ಅಪ್ಪ ಒಪ್ಪಲ್ಲ ಅಂತ ಮೊದಲನೇ ದಿನ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದಕ್ಕೇ ಧೈರ್ಯವಾಗಿ ಮಾತು ಕೊಟ್ಟದ್ದು. ಇಂಥದು ಪಂಚಾಯ್ತಿಗೆ ಬಂದಾಗ ಐದೋ ಹತ್ತೋ ಸಾವಿರ ಕೊಡಿಸಿ ಮುಗಿಸೋಕೆ ಮುಂದೆ ನಿಂತವರಲ್ಲಿ ನಮ್ಮ ಯಜಮಾನರೂ ಇದ್ದಾರೆ. ಇದು ಮಾತ್ರ ನಮಗೆ ಹೇಳೋಕೂ ಅಸಹ್ಯ.

ಹಾಸ್ಟೆಲ್ಲಿನ ಗೇಟಿನ ಹತ್ತಿರ ನಡೆಯೋದೊಂದನ್ನು ಹೇಳ್ತೀವಿ. ಯಾವ ಊರಿನ ಹಾಸ್ಟೆಲ್ಲು ಅಂತ ಕೇಳಬೇಡಿ, ಎಲ್ಲ ಊರಿನದೂ. ಅಪ್ಪ ಬಂದಿರ್ತಾನೆ. ಕೈಯಲ್ಲೊಂದು ಚೀಲ, ಚೀಲದಲ್ಲಿ ಅವ್ವ ಮಾಡಿದ ರೊಟ್ಟಿ. ಪಂಚೆ ಮೇಲೆ ಕೆಸರಿನ ಕಲೆ, ಕಾಲಲ್ಲಿ ಹವಾಯಿ ಚಪ್ಪಲಿ. ಬೇರೆ ಜಾತಿಯ ಕ್ಲಾಸ್‌ಮೇಟು ಯಾರಿವರು ಅಂತ ಕೇಳಿದಾಗ ‘ನಮ್ಮೂರಿನವರು’ ಅನ್ನೋ ಉತ್ತರ ಬರುತ್ತೆ. ಅಪ್ಪನಿಗೂ ಕೇಳಿಸಿರುತ್ತೆ. ಅವನೂ ತಲೆಯಾಡಿಸಿ ‘ಹೂಂ ಸ್ವಾಮಿ, ನಾವು ಅವರೂರಿನವರು’ ಅಂದುಬಿಡ್ತಾನೆ. ಯೋಚನೆ ಮಾಡಿ. ಅಪ್ಪ ಮಗ ಇಬ್ಬರೂ ಸೇರಿ ಆಡಿದ ಸುಳ್ಳು. ಗೌಡರ ಮನೆಯಲ್ಲಿ ಮಗನಲ್ಲದವನು ಮಗನಾಗಿದ್ದ. ಇಲ್ಲಿ ಹೆತ್ತ ಅಪ್ಪ ಅಪ್ಪನಲ್ಲ. ಮೀಸಲಾತಿ ಪ್ರಮಾಣಪತ್ರದಲ್ಲಿ ಆ ಅಪ್ಪನ ಹೆಸರು ಬೇಕು, ಅಂಕಪಟ್ಟಿಯಲ್ಲಿ ಬೇಕು, ಗೇಟಿನ ಹತ್ತಿರ ಬೇಡ. ಆ ಹುಡುಗನನ್ನು ನಾವು ಬೈಯಲ್ಲ. ಅವನ ಎದೆಯೊಳಗೆ ಯಾರೋ ಕೂತು ಅವನ ಅಪ್ಪನನ್ನು ಅವನ ಕಣ್ಣಿನಿಂದಲೇ ಕೀಳಾಗಿ ನೋಡಿಸ್ತಿದ್ದಾರೆ. ಆ ಯಾರೋ ಯಾರು ಅನ್ನೋದನ್ನು ಹಾಸ್ಟೆಲ್ಲಿನ ರಾತ್ರಿಗಳಲ್ಲಿ ಕೂತು ಮಾತಾಡಿ. ಸಿನಿಮಾ ಮಾತು ದಿನಾ ಇದ್ದದ್ದೇ.

ಕೊನೆಗೆ ಇಟ್ಟುಕೊಂಡದ್ದು ನಮ್ಮ ಮನೆಯೊಳಗಿನ ಮಾತು. ಇದಕ್ಕೆ ಕೆಲವರು ಎದ್ದು ಹೋದರೂ ಪರವಾಗಿಲ್ಲ. ವೇದಿಕೆ ಮೇಲೆ ನಿಂತು ‘ದಲಿತರೆಲ್ಲ ಒಂದೇ’ ಅಂತ ಎಷ್ಟು ವರ್ಷದಿಂದ ಹೇಳ್ತಿದ್ದೀವಿ? ಕೇರಿಗೆ ಹೋಗಿ ನೋಡಿದರೆ ಹೊಲಗೇರಿ ಬೇರೆ, ಮಾದಿಗೇರಿ ಬೇರೆ. ಬಾವಿ ಬೇರೆ ಇದ್ದ ಊರುಗಳೂ ಇದ್ದವು. ಬಲಗೈ, ಎಡಗೈ. ಆದಿ ಕರ್ನಾಟಕ ಅನ್ನೋ ಹೆಸರಿನ ಕೆಳಗೆ ಒಂದು ಜಿಲ್ಲೆಯಲ್ಲಿ ಹೊಲೆಯರು, ಇನ್ನೊಂದು ಜಿಲ್ಲೆಯಲ್ಲಿ ಮಾದಿಗರು. ಹೆಸರು ಒಂದಾಯಿತು, ಊಟ ಒಂದಾಗೋಕೆ ಎಷ್ಟು ಕಾಲ ಹಿಡಿಯಿತು, ಹೆಣ್ಣು ಕೊಟ್ಟು ತರೋದು ಇವತ್ತಿಗೂ ಎಷ್ಟು ಮನೆಯಲ್ಲಿದೆ? ಸರ್ಕಾರವೇ ಪರಿಶಿಷ್ಟ ಜಾತಿಗಳ ಒಳಪಂಗಡದ ಮದುವೆಗೆ ಎರಡು ಲಕ್ಷ ರೂಪಾಯಿ ಪ್ರೋತ್ಸಾಹಧನ ಇಟ್ಟಿದೆ. ನಾವೆಲ್ಲ ಒಂದೇ ಆಗಿದ್ದರೆ ಆ ದುಡ್ಡು ಯಾಕೆ ಬೇಕಿತ್ತು? ನಮ್ಮ ಸುಳ್ಳು ನಮಗಿಂತ ಮೊದಲು ಖಜಾನೆಗೆ ಗೊತ್ತಾಗಿದೆ!

ಮಾದಿಗ ಬಂಧುಗಳು ಒಳಮೀಸಲಾತಿ ಕೇಳಿದಾಗ ‘ಒಗ್ಗಟ್ಟು ಒಡೀತೀರಿ’ ಅಂದವರು ನಮ್ಮ ನಡುವೆಯೇ ಇದ್ದರು. ಇಲ್ಲದ ಒಗ್ಗಟ್ಟನ್ನು ಒಡೆಯೋದು ಹೇಗೆ? ದೊಡ್ಡ ಮಗ ಎರಡು ತಟ್ಟೆ ಉಂಡು ಚಿಕ್ಕವನಿಗೆ ‘ನಾವು ಅಣ್ಣತಮ್ಮಂದಿರು, ಲೆಕ್ಕ ಕೇಳಬೇಡ’ ಅನ್ನೋದಕ್ಕೂ, ಗೌಡರು ‘ಮನೆಮಗ ಇದ್ದಂಗಿದ್ದೀಯ’ ಅನ್ನೋದಕ್ಕೂ ಏನು ವ್ಯತ್ಯಾಸ? 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳವರ್ಗೀಕರಣ ಮಾಡಬಹುದು ಅಂದಿತು. 2025ರ ಆಗಸ್ಟಿನಲ್ಲಿ ರಾಜ್ಯದ ಸಚಿವ ಸಂಪುಟ ಬಲಗೈಗೆ ಆರು, ಎಡಗೈಗೆ ಆರು, ಉಳಿದವರಿಗೆ ಐದು ಅಂತ ಹಂಚಿತು. ಅಲೆಮಾರಿಗಳು ನಮಗೆ ಅನ್ಯಾಯವಾಯಿತು ಅಂತ ಬೀದಿಗೆ ಬಂದರು. ಅವರ ಕೂಗಿಗೂ ನಾವು ಕಿವಿ ಕೊಡಬೇಕು. ಲೆಕ್ಕ ಕೇಳಿದ ತಮ್ಮನನ್ನು ಮನೆಮುರುಕ ಅಂದವರೇ ಮನೆ ಮುರಿದವರು. ಈ ಸಭೆಯಲ್ಲಿ ಎರಡೂ ಕೇರಿಯ ಹುಡುಗರು ಒಂದೇ ಬೆಂಚಿನ ಮೇಲೆ ಕೂತಿದ್ದೀರಿ, ಹಾಸ್ಟೆಲ್ಲಿನಲ್ಲಿ ಒಂದೇ ಸಾರು ಉಣ್ತೀರಿ. ಊರಿಗೆ ಹೋದಾಗ ಆ ಗೆಳೆಯನನ್ನು ಮನೆಗೆ ಕರೆದುಕೊಂಡು ಹೋಗಿ, ಒಳಗೆ ಕೂರಿಸಿ, ಅವ್ವನ ಕೈಲಿ 

ಬಡಿಸಿ. ಅವ್ವ ಏನಂತಾಳೆ ಅಂತ ಬಂದು ನಮಗೆ ಹೇಳಿ.

ವಿಶೇಷ ವಿವಾಹ ಕಾಯ್ದೆ ಬಗ್ಗೆ ಚೀಟಿಯಲ್ಲಿ ಯಾರೋ ಕೇಳಿದ್ದಾರೆ. ಅದು 1954ರ ಕಾಯ್ದೆ. ಜಾತಿ ಧರ್ಮದ ಅಡ್ಡಿಯಿಲ್ಲ. ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ತುಂಬಿರಬೇಕು. ನೋಟಿಸು ಕೊಟ್ಟ ಮೇಲೆ ಮೂವತ್ತು ದಿನ ಅದನ್ನು ಕಚೇರಿಯ ಬೋರ್ಡಿನ ಮೇಲೆ ಹಾಕ್ತಾರೆ. ಆ ಮೂವತ್ತು ದಿನವೇ ಅಪಾಯ, ಯಾರು ಬೇಕಾದರೂ ಓದಿ ಹುಡುಗಿಯ ಮನೆಗೆ ಸುದ್ದಿ ಮುಟ್ಟಿಸಬಹುದು. ಅಷ್ಟು ದಿನ ಇಬ್ಬರೂ ಎಲ್ಲಿರಬೇಕು, ಯಾರ ಜೊತೆ ಇರಬೇಕು ಅನ್ನೋದನ್ನು ಮೊದಲೇ ಗೊತ್ತುಮಾಡಿಕೊಂಡು ಹೋಗಿ ಅರ್ಜಿ ಕೊಡಿ. ಮದುವೆಯ ದಿನ ಮೂವರು ಸಾಕ್ಷಿಗಳು ಬೇಕು. ಸಾಕ್ಷಿ ಸಿಗದವರು ನಮ್ಮ ಹತ್ತಿರ ಬನ್ನಿ, ಬಸ್ ಚಾರ್ಜು ಕೂಡ ಕೇಳಲ್ಲ.

ಇನ್ನೂ ಏಳೆಂಟು ಚೀಟಿಗಳಿವೆ. ಹೆಣ್ಣುಮಕ್ಕಳು ಬರೆದದ್ದು ಯಾವುದು ಅಂತ ಅಕ್ಷರ ನೋಡಿದರೇ ಗೊತ್ತಾಗುತ್ತೆ. ಅವನ್ನೇ ಮೊದಲು ಓದ್ತೀವಿ.